ಕೌಂಟರಿನ ತುಂಡು, ಅವ್ವನ ಪೆನ್ನು



ಹೋದ ವಾರ ನಾನು ಹಾಕಿದ ನೀಲಿ-ಬಿಳಿ ಪೆನ್ನಿನ ಫೋಟೋ ನೋಡಿ ತುಂಬಾ ಜನ ಕೇಳಿದ್ರಿ. ಎಲ್ಲಿ ತಗೊಂಡ್ರಿ, ಏನು ರೇಟು, ಆನ್‌ಲೈನಲ್ಲಿ ಸಿಗುತ್ತಾ ಅಂತ. ಅದು ಅಂಗಡಿಯದ್ದಲ್ಲ. ನಾನೂ ಚನ್ನಪಟ್ಟಣದ ಒಬ್ಬ ಭಾಯಿಯೂ ಸೇರಿ ಮಾಡಿದ್ದು. ಕಾಮೆಂಟಲ್ಲಿ ಒಂದು ಸಾಲಿನ ಉತ್ತರ ಕೊಡೋಕೆ ಹೋದೆ, ಆಗಲಿಲ್ಲ. ಪೆನ್ನಿನ ಕತೆ ಹೇಳೋಕೆ ಹೊರಟರೆ ಹೆಬ್ಬೆಟ್ಟಿನ ಕತೆ ಬರುತ್ತೆ, ಧೂಳಿನ ಕತೆ ಬರುತ್ತೆ, ನಮ್ಮವ್ವನ ಕತೆ ಬರುತ್ತೆ. ಉದ್ದ ಪೋಸ್ಟು. ಟೈಮ್ ಇದ್ದಾಗ ಓದಿ.

ನಾನು ಗುಮಾಸ್ತ ಅನ್ನೋದು ನಿಮಗೆ ಗೊತ್ತು. ಕೌಂಟರಿನ ಒಳಗೆ ಕೂರೋನು. ನಮ್ಮ ಆಫೀಸಲ್ಲಿ ಹಳೇ ಮರದ ಕೌಂಟರ್ ಇತ್ತು, ಮೂಲೆಯೆಲ್ಲ ಗೆದ್ದಲು ತಿಂದು ಹೋಗಿತ್ತು. ಅದನ್ನ ಕಿತ್ತು ಹೊಸದು ಹಾಕಿಸಿದ್ರು. ಹಾಲಿನಂಗೆ ಬಿಳಿ, ಎಲ್ಲೂ ಜಾಯಿಂಟ್ ಕಾಣಲ್ಲ, ಕಲ್ಲಿನಂಗೆ ಕಾಣುತ್ತೆ ಆದರೆ ಮುಟ್ಟಿದ್ರೆ ಕಲ್ಲಿನ ತಣ್ಣಗೆ ಇಲ್ಲ. ಕೆಲಸಕ್ಕೆ ಬಂದಿದ್ದ ಹುಡುಗರನ್ನ ಕೇಳಿದೆ, 'ಕೊರಿಯನ್ ಸಾರ್' ಅಂದ್ರು. ಕೊರಿಯಾ ದೇಶದಿಂದ ಬಂದಿದ್ದು ಅಂತ ನಾನು ಎಷ್ಟೋ ದಿನ ಅಂದುಕೊಂಡಿದ್ದೆ. ಆಮೇಲೆ ಓದಿದ ಮೇಲೆ ಗೊತ್ತಾಯ್ತು, ಅದು 'ಕೊರಿಯನ್' ಅನ್ನೋ ಬ್ರ್ಯಾಂಡ್ ಹೆಸರು. ಈ ಜಾತಿಯ ಹಲಗೆಗೆಲ್ಲ 'ಸಾಲಿಡ್ ಸರ್ಫೇಸ್' ಅಂತ ಹೆಸರು. (ಜಾತಿ ಅನ್ನೋ ಪದ ಬಂತು, ಕ್ಷಮಿಸಿ. ನಮ್ಮ ಭಾಷೇಲಿ ಹಲಗೆಗೂ ಜಾತಿ ಇದೆ!)

ಅಮೆರಿಕದ ಡ್ಯೂಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ಡೊನಾಲ್ಡ್ ಸ್ಲೋಕಂ 1967ರಲ್ಲಿ ಇದನ್ನ ಕಂಡುಹಿಡಿದರು. ಸುಮಾರು ಮೂರನೇ ಒಂದು ಪಾಲು ಅಕ್ರಿಲಿಕ್, ಅಂದ್ರೆ ಒಂದು ಬಗೆಯ ಪ್ಲಾಸ್ಟಿಕ್ಕು. ಮಿಕ್ಕ ಎರಡು ಪಾಲು ಬಾಕ್ಸೈಟ್ ಅದಿರಿನಿಂದ ತೆಗೆದ ಅಲ್ಯುಮಿನಿಯಂ ಟ್ರೈಹೈಡ್ರೇಟ್ ಅನ್ನೋ ಬಿಳಿ ಪುಡಿ. ಎರಡನ್ನೂ ಕಲಸಿ, ಬಣ್ಣ ಸೇರಿಸಿ, ಹಲಗೆ ಎರೆಯೋದು. ಮೇಲೂ ಅದೇ ಬಣ್ಣ, ಒಳಗೂ ಅದೇ ಬಣ್ಣ. ಗೀರು ಬಿದ್ದರೆ ಉಜ್ಜಿದರೆ ಹೋಯ್ತು. ಹಲಗೆ ಸಾಮಾನ್ಯವಾಗಿ 12 ಮಿಲಿಮೀಟರ್ ದಪ್ಪ ಇರುತ್ತೆ. ಮರ ಕುಯ್ಯೋ ಗರಗಸದಲ್ಲೇ ಕುಯ್ಯಬಹುದು, ಮರ ಕಡೆಯೋ ಉಳಿಯಲ್ಲೇ ಕಡೆಯಬಹುದು.

ಬಾಕ್ಸೈಟ್ ಅಂದ ತಕ್ಷಣ ನಿಮಗೆ ನಿಯಮಗಿರಿ ನೆನಪಾಗಿರಬೇಕು. 2013ರಲ್ಲಿ ಒಡಿಶಾದ ಡೋಂಗ್ರಿಯಾ ಕೊಂಡರು 12 ಗ್ರಾಮಸಭೆಗಳಲ್ಲಿ ಒಂದೊಂದಾಗಿ ಎದ್ದು ನಿಂತು ನಮ್ಮ ಬೆಟ್ಟ ಅಗೆಯೋಕೆ ಬಿಡಲ್ಲ ಅಂದಿದ್ರು. ಆ ಬೆಟ್ಟದಲ್ಲಿರೋದು ಇದೇ ಅದಿರು. ನುಣ್ಣಗೆ ಕಾಣೋ ಯಾವ ವಸ್ತುವನ್ನೂ ಅದರ ಹಿಂದೆ ಯಾರ ನೆಲ, ಯಾರ ಕೈ ಇದೆ ಅಂತ ಕೇಳದೆ ಮುಟ್ಟಬಾರದು ಅನ್ನೋದು ನಮ್ಮ ಚಳವಳಿ ನನಗೆ ಕಲಿಸಿದ ಪಾಠ.

ಕೌಂಟರ್ ಹಾಕುವಾಗ ಕಂಪ್ಯೂಟರ್ ವೈರು ಹೋಗೋಕೆ, ವಾಶ್ ಬೇಸಿನ್ ಕೂರಿಸೋಕೆ ಅಂತ ತೂತು ಕೊರೆದರು. ಆ ತುಂಡುಗಳು ಆಫೀಸಿನ ಹಿಂದೆ ಕಸದ ಗುಡ್ಡೆಯಲ್ಲಿ ಬಿದ್ದಿದ್ವು. ಒಂದನ್ನ ಎತ್ತಿಕೊಂಡು ಬಂದು ಟೇಬಲ್ ಮೇಲೆ ಪೇಪರ್ ಹಾರದಂಗೆ ಇಟ್ಟುಕೊಂಡೆ. ಅಷ್ಟೇ. ಪೆನ್ನಿನ ಯೋಚನೆ ಆಗ ಇರಲಿಲ್ಲ.

ಯೋಚನೆ ಬಂದಿದ್ದು ನವೆಂಬರಲ್ಲಿ, ಒಂದು ಬ್ಯಾಂಕಿನಲ್ಲಿ.

ನಮ್ಮವ್ವ ಪೌರಕಾರ್ಮಿಕಳಾಗಿದ್ದವಳು. ಬೆಳಗಿನ ಜಾವ ಐದಕ್ಕೆ ಬೀದಿಗೆ ಇಳಿದು ಪೊರಕೆ ಹಿಡಿದವಳು. ಬಹಳ ವರ್ಷ ಗುತ್ತಿಗೆ, ಕೊನೆಗೆ ಪರ್ಮನೆಂಟ್ ಆಗಿ ಈಗ ಪೆನ್ಷನ್ ಬರುತ್ತೆ. ಪ್ರತಿ ನವೆಂಬರಲ್ಲಿ 'ನಾನು ಬದುಕಿದ್ದೀನಿ' ಅಂತ ತೋರಿಸಬೇಕು. ಮಷೀನಿನ ಮೇಲೆ ಬೆರಳಿಟ್ಟಳು, ತಗೊಳ್ಳಲಿಲ್ಲ. ಒರೆಸಿಕೊಂಡು ಇಟ್ಟಳು, ತಗೊಳ್ಳಲಿಲ್ಲ. ಹತ್ತು ಬೆರಳೂ ಆಯ್ತು. ಆ ಕಡೆ ಕೂತಿದ್ದ ಹುಡುಗ ಒಳ್ಳೆಯವನೇ, 'ಅಜ್ಜಿ, ನಿಮ್ಮ ಕೈಯಲ್ಲಿ ಗೆರೆನೇ ಉಳಿದಿಲ್ಲ' ಅಂದ. ಅವ್ವ ನಕ್ಕಳು. 'ರೋಡೆಲ್ಲ ಗುಡಿಸಿದ್ನಲ್ಲ ಮಗ, ಅದ್ರ ಜೊತೆ ನನ್ ಗೆರೆನೂ ಗುಡಿಸ್ಕೊಂಡ್ ಹೋಯ್ತು' ಅಂದಳು. ಸುತ್ತ ಇದ್ದವರೂ ನಕ್ಕರು. ನನಗೆ ನಗು ಬರಲಿಲ್ಲ.

ಒಂದು ಕ್ಷಣ ಯೋಚನೆ ಮಾಡಿ. ಈ ವ್ಯವಸ್ಥೆ ನಮ್ಮ ಅಪ್ಪ-ಅವ್ವಂದಿರಿಗೆ ಪೆನ್ನು ಕೊಡಲಿಲ್ಲ, ನಿಮಗೆ ಹೆಬ್ಬೆಟ್ಟು ಸಾಕು ಅಂತು. ಆಮೇಲೆ ಆ ಹೆಬ್ಬೆಟ್ಟು ಸವೆಯೋ ತನಕ ದುಡಿಸಿಕೊಳ್ತು. ಈಗ ಮಷೀನು ಇಟ್ಟುಕೊಂಡು, ನಿನ್ನ ಹೆಬ್ಬೆಟ್ಟು ಸರಿ ಇಲ್ಲ ಅಂತಿದೆ. ರೇಷನ್ ಅಂಗಡಿಗಳಲ್ಲಿ ಕೂಲಿ ಮಾಡೋರು, ಬಟ್ಟೆ ಒಗೆಯೋರು, ಗಾರೆ ಕೆಲಸದೋರು ದಿನಾ ಇದೇ ಅನುಭವಿಸ್ತಿದ್ದಾರೆ.

ಈ ಹೆಬ್ಬೆಟ್ಟಿಗೂ ಒಂದು ಚರಿತ್ರೆ ಇದೆ. ಅದು ಶುರುವಾಗಿದ್ದೂ ನಮ್ಮ ನೆಲದಲ್ಲೇ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಅನ್ನೋ ಬ್ರಿಟಿಷ್ ಅಧಿಕಾರಿ, ರಸ್ತೆ ಸಾಮಾನು ಒದಗಿಸೋ ರಾಜ್ಯಧರ ಕೋನಾಯಿ ಅನ್ನೋರ ಜೊತೆ ಒಂದು ಕರಾರು ಮಾಡಿಕೊಂಡ. ಆಮೇಲೆ 'ಈ ಸಹಿ ನಂದಲ್ಲ' ಅಂತ ತಪ್ಪಿಸಿಕೊಳ್ಳಬಾರದು, ಸ್ವಲ್ಪ ಹೆದರಿಕೆ ಇರಲಿ ಅಂತ ಆಫೀಸಿನ ಸೀಲಿನ ಮಸಿಯನ್ನೇ ಅವರ ಅಂಗೈಗೆ ಬಳಿದು ಕಾಗದದ ಹಿಂದೆ ಒತ್ತಿಸಿಕೊಂಡ. ಅಂದ್ರೆ ಮೊದಲ ದಿನದಿಂದಲೇ ಅದು ಅಪನಂಬಿಕೆಯ ಗುರುತು. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚಿನ ಕಚೇರಿಯೇ ಶುರುವಾಯ್ತು. ಬೆರಳಚ್ಚುಗಳನ್ನ ವಿಂಗಡಿಸೋ ಲೆಕ್ಕಾಚಾರಕ್ಕೆ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಆದರೆ ಆ ಪದ್ಧತಿಗೆ ಹೆಸರು ಬಂದಿದ್ದು ಅವರ ಸಾಹೇಬ ಎಡ್ವರ್ಡ್ ಹೆನ್ರಿಯದ್ದು! ದುಡಿಯೋನು ಒಬ್ಬ, ಹೆಸರು ಇನ್ನೊಬ್ಬನದು. ಇದನ್ನೇನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕೇರಿಗಳಲ್ಲಿ ಹೆಬ್ಬೆಟ್ಟು ಏನೇನು ಮಾಡಿದೆ ಅಂತಲೂ ನಿಮಗೆ ಗೊತ್ತು. ಇಪ್ಪತ್ತು ರೂಪಾಯಿ ಸಾಲಕ್ಕೆ ಒತ್ತಿದ ಹೆಬ್ಬೆಟ್ಟು ಮಗನ ಕಾಲಕ್ಕೂ ಜೀತ ಆಗಿ ಮುಂದುವರಿದಿದೆ. ಜೀತ ಕಾನೂನಿನ ಪ್ರಕಾರ ತಪ್ಪು ಅಂತ ಆಗಿದ್ದು 1976ರ ಕಾಯ್ದೆಯಲ್ಲಿ. ಅಂದ್ರೆ ನಾನು ಹುಟ್ಟೋಕೆ ಸ್ವಲ್ಪ ವರ್ಷ ಮುಂಚೆ ಅಷ್ಟೇ. ಕಾಗದದಲ್ಲಿ ಏನು ಬರೆದಿದೆ ಅಂತ ಓದೋಕೆ ಬಾರದವನ ಹತ್ರ ಒತ್ತಿಸಿಕೊಂಡ ಗುರುತು ಒಪ್ಪಿಗೆ ಹೇಗಾಗುತ್ತೆ? ಆದ್ರೂ ಜನ 'ಅವನು ಹೆಬ್ಬೆಟ್ಟು ಗಿರಾಕಿ' ಅಂತ ನಗ್ತಾರೆ. ಯಾರನ್ನ ನೋಡಿ ನಗಬೇಕಿತ್ತು!

ಅವತ್ತು ರಾತ್ರಿ ತೀರ್ಮಾನ ಮಾಡಿದೆ. ಅವ್ವನಿಗೆ ಸೈನ್ ಹಾಕೋದು ಕಲಿಸಬೇಕು. ವಯಸ್ಸು ಅರವತ್ತೆಂಟು. ಆಗಲ್ಲ ಅನ್ನೋಕೆ ಏನೂ ಇಲ್ಲ. ನಾಲ್ಕಕ್ಷರದ ಹೆಸರು, ಒಂದು ಒತ್ತು. ಸ್ಲೇಟು ತಂದೆ, ಬರೆಸಿದೆ. ಸ್ಲೇಟಿನ ಮೇಲೆ ಬಂತು. ಆದ್ರೆ ಪೇಪರ್ ಮೇಲೆ ರೀಫಿಲ್ ಪೆನ್ನು ಕೊಟ್ಟರೆ ಬೆರಳ ಸಂದಿಯಲ್ಲಿ ಜಾರಿಹೋಗುತ್ತೆ. 'ಕಡ್ಡಿ ಹಿಡ್ದಂಗೈತೆ ಮಗ, ಹಿಡ್ದಿವ್ನೋ ಇಲ್ವೋ ಅಂತ್ಲೇ ಗೊತ್ತಾಗಕಿಲ್ಲ' ಅಂತಾಳೆ. ಪೊರಕೆಯ ಹಿಡಿ ಹಿಡಿದು ಹಿಡಿದು ಬೆರಳು ಮಡಚೋಕೆ ಬರಲ್ಲ. ಅವಳಿಗೆ ಬೇಕಿದ್ದಿದ್ದು ದಪ್ಪ ಪೆನ್ನು, ಸ್ವಲ್ಪ ತೂಕ ಇರೋ ಪೆನ್ನು.

ದಪ್ಪ ಪೆನ್ನು ಅಂದ ಕೂಡಲೇ ಬಾಬಾಸಾಹೇಬರು ನೆನಪಾದರು. ಅವರಿಗೆ ಫೌಂಟನ್ ಪೆನ್ನಿನ ಮೇಲೆ ಇದ್ದ ಪ್ರೀತಿಯನ್ನ ಹತ್ತಿರ ಇದ್ದವರು ಬರೆದಿಟ್ಟಿದ್ದಾರೆ. ನಮ್ಮೂರ ಸರ್ಕಲ್ಲಿನ ಪ್ರತಿಮೆ ನೋಡಿ. ಎಡಗೈಯಲ್ಲಿ ಸಂವಿಧಾನ, ಬಲಗೈ ಬೆರಳು ಮುಂದೆ, ನೀಲಿ ಕೋಟು, ಜೇಬಲ್ಲಿ ಪೆನ್ನು. ಶಿಲ್ಪಿ ಕನ್ನಡಕ ಮರೆತರೂ ಮರೆಯಬಹುದು, ಪೆನ್ನು ಮರೆಯಲ್ಲ. ಮರೆತರೆ ನಮ್ಮ ಹುಡುಗರು ಬಿಡಲ್ಲ. ದೇವರ ಕೈಯಲ್ಲೆಲ್ಲ ಆಯುಧ ಇರೋ ದೇಶದಲ್ಲಿ ಒಬ್ಬ ಮನುಷ್ಯನ ಗುರುತು ಪೆನ್ನಾಗಿದ್ದು ಸಣ್ಣ ವಿಷಯ ಅಲ್ಲ. ಮಹಾರಾಷ್ಟ್ರದ ಗೆಳೆಯರು ಡಿಸೆಂಬರ್ 6ಕ್ಕೆ ಹಾರ, ಮೇಣದಬತ್ತಿ ಬದಲು 'ಒಂದು ನೋಟ್‌ಬುಕ್, ಒಂದು ಪೆನ್ನು' ತನ್ನಿ ಅಂತ ಅಭಿಯಾನ ಮಾಡಿದ್ದೂ ಇದಕ್ಕೇ.

ಇನ್ನು ಈ ಪೆನ್ನು ಅನ್ನೋ ವಸ್ತು ಬಂದಿದ್ದಾದರೂ ಎಲ್ಲಿಂದ? ಇಲ್ಲೂ ಸ್ವಲ್ಪ ಚರಿತ್ರೆ ನೋಡೋಣ.

ನ್ಯೂಯಾರ್ಕಿನ ಲೂಯಿಸ್ ವಾಟರ್‌ಮನ್ ಫೌಂಟನ್ ಪೆನ್ನಿಗೆ ಪೇಟೆಂಟ್ ತಗೊಂಡಿದ್ದು 1884ರಲ್ಲಿ. ಆಗಿನ ಪೆನ್ನುಗಳ ಮೈ ಎಬೊನೈಟಿನದ್ದು. ರಬ್ಬರಿಗೆ ಗಂಧಕ ಸೇರಿಸಿ ಬೇಯಿಸಿ ಕಲ್ಲಿನಂಗೆ ಗಟ್ಟಿ ಮಾಡಿದರೆ ಅದು ಎಬೊನೈಟ್. ಅದೇ ವರ್ಷಗಳಲ್ಲಿ ಆಫ್ರಿಕಾದ ಕಾಂಗೋದಲ್ಲಿ ಬೆಲ್ಜಿಯಂ ರಾಜ ಲಿಯೊಪೋಲ್ಡನ ಆಳ್ವಿಕೆ. ಹೇಳಿದಷ್ಟು ರಬ್ಬರು ತಂದುಕೊಡದ ಹಳ್ಳಿಗಳ ಮೇಲೆ ಸೈನಿಕರು ಬಿದ್ದು ಕೊಲ್ತಿದ್ರು, ಕೈ ಕತ್ತರಿಸ್ತಿದ್ರು. ಕೈ ಇಲ್ಲದ ಮಕ್ಕಳ ಫೋಟೋಗಳು ಜಗತ್ತಿಗೆಲ್ಲ ಗೊತ್ತಾದವು. ಯುರೋಪ್, ಅಮೆರಿಕದ ಸಾಹೇಬರು ರಬ್ಬರಿನ ಪೆನ್ನಲ್ಲಿ ಬರೀತಿದ್ದ ಕಾಲ, ರಬ್ಬರಿಗಾಗಿ ಕರಿಯರ ಕೈ ಹೋಗ್ತಿದ್ದ ಕಾಲ, ಎರಡೂ ಒಂದೇ.

ನಮ್ಮ ದೇಶದಲ್ಲಿ ಕೈಯಿಂದ ಪೆನ್ನು ಮಾಡಿ ಹೆಸರಾದ ಊರು ಆಂಧ್ರದ ರಾಜಮಂಡ್ರಿ. ಅಲ್ಲಿ ಕೆ.ವಿ. ರತ್ನಂ ಅವರು 1930ರ ದಶಕದ ಶುರುವಲ್ಲಿ ಎಬೊನೈಟ್ ಕಡ್ಡಿಯನ್ನ ಲೇತಿನ ಮೇಲೆ ಕಡೆದು ಪೆನ್ನು ಮಾಡತೊಡಗಿದರು. ಗಾಂಧೀಜಿಗೆ ಒಂದನ್ನ ಕಳಿಸಿದರು. ಅದರ ಎಲ್ಲಾ ಭಾಗ ಸ್ವದೇಶಿ ಹೌದೋ ಅಲ್ಲವೋ ಅಂತ ಜೆ.ಸಿ. ಕುಮಾರಪ್ಪನವರು ಪರೀಕ್ಷೆ ಮಾಡಿದರು ಅಂತ ಹೇಳ್ತಾರೆ. 1935ರಲ್ಲಿ ಗಾಂಧೀಜಿ ಮೆಚ್ಚಿ ಕಾಗದ ಬರೆದರು. ರತ್ನಂ ಅವರ ಕೈಗೆಲಸಕ್ಕೆ ನನ್ನ ಪೂರ್ತಿ ಗೌರವ ಇದೆ, ಈಗಲೂ ಆ ಮನೆಯವರು ಪೆನ್ನು ಮಾಡ್ತಾರೆ.

ಆದರೆ ಅದೇ 1935ರ ಅಕ್ಟೋಬರಲ್ಲಿ ಏನಾಯ್ತು? ಯೇವಲಾದಲ್ಲಿ ಬಾಬಾಸಾಹೇಬರು, ನಾನು ಹಿಂದೂವಾಗಿ ಹುಟ್ಟಿದ್ದು ನನ್ನ ಕೈಲಿರಲಿಲ್ಲ, ಹಿಂದೂವಾಗಿ ಸಾಯೋದಿಲ್ಲ ಅಂತ ಸಾರಿದರು. ಮುಂದಿನ ವರ್ಷ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಅವರನ್ನ ಅಧ್ಯಕ್ಷ ಭಾಷಣಕ್ಕೆ ಕರೀತು. ಬರೆದು ಕಳಿಸಿದ ಭಾಷಣ ಓದಿ ಬೆಚ್ಚಿಬಿದ್ದು, ಕೆಲವು ಮಾತು ತೆಗೀರಿ ಅಂತು. ಒಂದು ಕಾಮಾ ಕೂಡ ತೆಗೆಯಲ್ಲ ಅಂದರು. ಸಮ್ಮೇಳನವೇ ನಿಂತುಹೋಯ್ತು. ಬಾಬಾಸಾಹೇಬರು ತಮ್ಮ ದುಡ್ಡಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ಅದೇ ಜಾತಿ ವಿನಾಶ. ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ ಅದಕ್ಕೆ ಉತ್ತರ ಬರೆದರು. ಬಾಬಾಸಾಹೇಬರು ಆ ಉತ್ತರವನ್ನೂ, ಅದಕ್ಕೆ ತಮ್ಮ ಮರು ಉತ್ತರವನ್ನೂ ಮುಂದಿನ ಆವೃತ್ತಿಯಲ್ಲಿ ಸೇರಿಸಿ ಅಚ್ಚು ಹಾಕಿದರು.

ನನಗೆ ಇಲ್ಲಿ ಕಾಣೋದು ಇಷ್ಟು. ಪೆನ್ನಿನ ನಿಬ್ಬು ಯಾವ ದೇಶದ್ದು ಅಂತ ಪರೀಕ್ಷೆ ಮಾಡೋಕೆ ಜನ ಇದ್ದರು. ಆ ಪೆನ್ನು ಹಿಡಿಯೋಕೆ ಈ ದೇಶದಲ್ಲಿ ಯಾರಿಗೆ ಬಿಟ್ಟಿದ್ದಾರೆ, ಯಾರಿಗೆ ಬಿಟ್ಟಿಲ್ಲ ಅನ್ನೋ ಪ್ರಶ್ನೆ ಕೇಳಿದಾಗ ವೇದಿಕೆಯನ್ನೇ ಕಿತ್ತರು. 1920ರಲ್ಲಿ ಮೂಕನಾಯಕ ಶುರು ಮಾಡಿದಾಗಲೂ ಅಷ್ಟೇ. ದುಡ್ಡು ಕೊಡ್ತೀವಿ ಅಂದರೂ ಕೇಸರಿ ಪತ್ರಿಕೆ ಜಾಹೀರಾತು ಹಾಕಲಿಲ್ಲ. ಕೊಲ್ಹಾಪುರದ ಶಾಹು ಮಹಾರಾಜರು 2500 ರೂಪಾಯಿ ಕೊಟ್ಟಿದ್ದರಿಂದ ಪತ್ರಿಕೆ ಹೊರಬಂತು.

ಆಮೇಲೆ 1941ರಲ್ಲಿ ಪಾರ್ಕರ್ 51 ಅನ್ನೋ ಪೆನ್ನು ಬಂತು. ಅದರ ಮೈ ರಬ್ಬರಲ್ಲ, ಲ್ಯೂಸೈಟ್ ಅನ್ನೋ ಅಕ್ರಿಲಿಕ್. ಲ್ಯೂಸೈಟ್ ಯಾರದ್ದು? ಅದೇ ಡ್ಯೂಪಾಂಟಿನದ್ದು. ಅದೇ ಅಕ್ರಿಲಿಕ್ಕಿಗೆ ಬಾಕ್ಸೈಟಿನ ಬಿಳಿ ಪುಡಿ ಸೇರಿಸಿದ್ದೇ ನಮ್ಮ ಆಫೀಸಿನ ಕೌಂಟರ್. ಇದನ್ನ ಓದಿದಾಗ ಟೇಬಲ್ ಮೇಲಿದ್ದ ತುಂಡನ್ನ ಎತ್ತಿ ನೋಡಿದೆ. ಪೆನ್ನಿನ ಮೈಯಾಗೋಕೆ ಬೇಕಾದ ವಸ್ತು ನನ್ನ ಕಣ್ಣೆದುರೇ ಪೇಪರ್ ಒತ್ತಿಕೊಂಡು ಕೂತಿತ್ತು. ಹುಡುಕಿ ನೋಡಿದರೆ ಹೊರದೇಶಗಳಲ್ಲಿ ಇಂಥ ತುಂಡುಗಳಿಂದ ಕೈಪೆನ್ನು ಮಾಡೋರು ಬೇಕಾದಷ್ಟು ಜನ ಇದ್ದಾರೆ.

ಲೇತ್ ಬೇಕಲ್ಲ. ಚನ್ನಪಟ್ಟಣಕ್ಕೆ ಹೋದೆ. ಬೊಂಬೆ ಕಡೆಯೋ ಒಬ್ಬ ಭಾಯಿ ನನಗೆ ಹಳೇ ಪರಿಚಯ, ಅವರ ಒಂದು ಅರ್ಜಿ ವಿಷಯಕ್ಕೆ ಓಡಾಡಿದ್ದೆ. ಅವರು ಹಾಲೆ ಮರದ ತುಂಡನ್ನ ಲೇತಿಗೆ ಹಾಕಿ, ತಿರುಗ್ತಿರೋ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತೆ. ಆಮೇಲೆ ಗರಿ ಒತ್ತಿ ಹಿಡಿದರೆ ಕನ್ನಡಿ ಹೊಳಪು. ಎಷ್ಟು ಸಲ ನೋಡಿದರೂ ಬೇಜಾರಾಗಲ್ಲ.

ಅರಗು ಅಂದಾಗ ಒಂದು ಮಾತು ಹೇಳಲೇಬೇಕು. ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ಕಾದ ಸೀಸ ಹುಯ್ಯಿ ಅಂತ ಇತ್ತು ಅಂತ ನಾವು ಭಾಷಣದಲ್ಲಿ ಹೇಳ್ತೀವಿ. ಗೌತಮ ಧರ್ಮಸೂತ್ರದಲ್ಲಿ ಇರೋದು ತವರ ಮತ್ತು ಅರಗು. ಸೀಸ ಅಲ್ಲ ಅಂದ ಮಾತ್ರಕ್ಕೆ ಕ್ರೌರ್ಯ ಏನೂ ಕಮ್ಮಿ ಆಗಲ್ಲ, ಆದರೆ ನಾವು ಹೇಳೋದು ಸರಿಯಾಗಿರಬೇಕು. ಎದುರಿನವರು ನಮ್ಮ ಒಂದು ತಪ್ಪು ಪದ ಹಿಡಿದು ಇಡೀ ಮಾತನ್ನೇ ಸುಳ್ಳು ಅಂತಾರೆ. ಅಕ್ಷರದ ಬಾಗಿಲು ಮುಚ್ಚೋಕೆ ಅವರು ಬಳಸಿ ಅಂದ ಅದೇ ಅರಗಿನಲ್ಲಿ ನಮ್ಮ ಭಾಯಿ ಮಕ್ಕಳಿಗೆ ಬುಗುರಿ ಮಾಡ್ತಾರೆ. ಕೆಲಸ ಮಾಡೋ ಕೈಗೂ ಶಾಸ್ತ್ರ ಬರೆಯೋ ಕೈಗೂ ಇರೋ ವ್ಯತ್ಯಾಸ ಇದು.

ಭಾಯಿ ನನ್ನ ತುಂಡನ್ನ ಉಗುರಲ್ಲಿ ತಟ್ಟಿ ನೋಡಿದರು. 'ಏನ್ ಸಾರ್ ಇದು, ಕಲ್ಲಾ ಪ್ಲಾಸ್ಟಿಕ್ಕಾ?' ಅಂದರು. 'ಎರಡೂ ಭಾಯಿ' ಅಂದೆ. 'ಹಂಗಾದ್ರೆ ಎರಡರ ಕಾಟನೂ ಕೊಡುತ್ತೆ' ಅಂದರು. ಹಂಗೇ ಆಯ್ತು.

ಪೆನ್ನಿನ ಒಳಗಿನ ಸಾಮಾನು ಆನ್‌ಲೈನಲ್ಲಿ ತರಿಸಿದ್ದೆ. 7 ಮಿಲಿಮೀಟರಿನ ಎರಡು ಹಿತ್ತಾಳೆ ಕೊಳವೆ, ತುದಿ, ತಿರುಗಿಸೋ ಮೆಕ್ಯಾನಿಸಂ, ಕ್ಲಿಪ್ಪು, ರೀಫಿಲ್. ಮೊದಲನೇ ಪೆನ್ನನ್ನ ಒಂದೇ ಹಲಗೆಯಲ್ಲಿ ಮಾಡಿದ್ವಿ. ಹಲಗೆ ದಪ್ಪವೇ 12 ಮಿಲಿಮೀಟರು, ಕಡೆದ ಮೇಲೆ ಇನ್ನೂ ಸಣ್ಣ. ನೋಡೋಕೆ ಚೆಂದ ಬಂತು. ಅವ್ವನ ಕೈಗೆ ಕೊಟ್ಟೆ. 'ಚೆನ್ನಾಗೈತೆ ಕಣಪ್ಪ, ನೀನೇ ಮಡಿಕ್ಕೊ' ಅಂದಳು. ಅದೂ ಅವಳ ಬೆರಳಿಗೆ ಕಡ್ಡಿಯೇ.

ಹಾಗಾಗಿ ಎರಡು ಹಲಗೆ ಅಂಟಿಸಬೇಕಾಯ್ತು. ಕೌಂಟರ್ ಮಾಡೋ ಅಂಗಡಿಯಲ್ಲಿ ಕೇಳಿದಾಗ ಒಂದು ನೀಲಿ ತುಂಡು ಸಿಕ್ತು. ಯಾವ ನೀಲಿ ಅಂತ ನಿಮಗೆ ಹೇಳಬೇಕಾಗಿಲ್ಲ. ಬಿಳಿ ಒಂದು, ನೀಲಿ ಒಂದು, ಒಂದರ ಮೇಲೊಂದು ಫೆವಿಕ್ವಿಕ್ ಹಾಕಿ ಅಂಟಿಸಿದ್ವಿ. ತೂತು ಕೊರೆಯುವಾಗ ಅರ್ಧಕ್ಕೆ ಬರ್ತಿದ್ದಂಗೆ ಟಪ್ ಅಂತ ಎರಡು ಹೋಳು. ಎರಡನೇ ಸಲ ಅಂಗಡಿಯವರು ಜಾಯಿಂಟಿಗೆ ಬಳಸೋ ಎರಡು ಟ್ಯೂಬಿನ ಅಂಟನ್ನೇ ಕೇಳಿ ತಂದೆ. ಅಂಟಿಸೋ ಮುಂಚೆ ಎರಡು ಮುಖವನ್ನೂ ಸ್ಯಾಂಡ್ ಪೇಪರಲ್ಲಿ ಉಜ್ಜಿ ಒರಟು ಮಾಡಿ, ಹಿಡಿಕೆ ಹಾಕಿ ಒಂದು ದಿನ ಬಿಟ್ಟೆವು. ಈ ಸಲ ನಿಂತಿತು.

ಕೊರೆಯೋದೇ ಕಷ್ಟದ ಕೆಲಸ. ಆತುರ ಪಟ್ಟರೆ ಬಿಸಿ ಆಗಿ ಬಿರುಕು ಬಿಡುತ್ತೆ. ಸ್ವಲ್ಪ ಕೊರೆಯೋದು, ಬಿಟ್ಟನ್ನ ಹೊರಗೆ ತಗೊಂಡು ಪುಡಿ ಉದುರಿಸೋದು, ಮತ್ತೆ ಸ್ವಲ್ಪ ಕೊರೆಯೋದು. ಬಿಟ್ಟು ಆಚೆ ಕಡೆ ಹೊರಬರೋವಾಗ ಅಂಚು ಸಿಡಿಯುತ್ತೆ, ಅದಕ್ಕೆ ತುಂಡನ್ನ ಮೊದಲೇ ಸ್ವಲ್ಪ ಉದ್ದ ಇಟ್ಟುಕೊಂಡು ಕೊನೆಗೆ ಆ ತುದಿ ಕತ್ತರಿಸಬೇಕು. ಹಿತ್ತಾಳೆ ಕೊಳವೆಗೂ ಗೀರು ಹಾಕಿ ಎಪಾಕ್ಸಿ ಬಳಿದು ತಿರುಗಿಸ್ತಾ ಒಳಗೆ ತೂರಿಸಬೇಕು. ಎರಡೂ ತುದಿ ಕೊಳವೆಯ ಮಟ್ಟಕ್ಕೆ ಸಮ ಬರಬೇಕು. ಇಲ್ಲ ಅಂದ್ರೆ ಕೊನೆಗೆ ಕೂರಿಸುವಾಗ ಸಂದಿ ಕಾಣುತ್ತೆ.

ಆಮೇಲೆ ಉಕ್ಕಿನ ಸರಳಿಗೆ ಪೋಣಿಸಿ ಲೇತಿಗೆ ಹಾಕಿದ್ವಿ. ಚೌಕ ಇದ್ದಿದ್ದು ಗುಂಡಗಾಗೋ ತನಕ ಟಕಟಕ ಅಂತ ಉಳಿಗೆ ಹೊಡೀತಿರುತ್ತೆ. ಆಗ ಗಟ್ಟಿಯಾಗಿ ಒತ್ತಿದರೆ ಚಕ್ಕೆ ಹಾರುತ್ತೆ. ಭಾಯಿ ಉಳಿಯನ್ನ ಮಸೆದು ಮಸೆದು ತುಂಬಾ ತೆಳುವಾಗಿ ತೆಗೆದರು. ಗುಂಡಗಾದ ಮೇಲೆ ಸದ್ದೇ ಬದಲಾಯ್ತು. ತೆಂಗಿನ ತುರಿಯಂಗೆ ಬಿಳಿ, ನೀಲಿ ಸುರುಳಿ ಉದುರೋಕೆ ಶುರುವಾಯ್ತು. ಎರಡು ತುದಿ ಸಣ್ಣ, ನಡುವೆ ಹೊಟ್ಟೆ. ಸುಮಾರು 15 ಮಿಲಿಮೀಟರ್ ದಪ್ಪ. ಅವ್ವನ ಬೆರಳಿನ ಅಳತೆಗೆ ಅಂತ ನಾನು ಪೊರಕೆಯ ಹಿಡಿ ಕಟ್ಟೋ ದಾರದಲ್ಲಿ ಸುತ್ತಳತೆ ತಗೊಂಡು ಹೋಗಿದ್ದೆ. ಕೊನೆಗೆ ವಾಟರ್ ಪೇಪರಲ್ಲಿ ನೀರು ಹಾಕಿಕೊಂಡು ಒರಟಿನಿಂದ ನುಣುಪಿಗೆ ಒಂದೊಂದೇ ನಂಬರ್ ಏರಿಸ್ತಾ ಉಜ್ಜಿದ್ವಿ. ಬಣ್ಣ ಬೇಡ, ವಾರ್ನಿಶ್ ಬೇಡ. ಅದರ ಮೈ ಹೊಳಪೇ ಸಾಕು.

ಇಲ್ಲಿ ನಿಲ್ಲಿಸಿ ಧೂಳಿನ ಬಗ್ಗೆ ಹೇಳ್ತೀನಿ. ಪೋಸ್ಟ್ ಓದಿ ಯಾರಾದ್ರೂ ಮನೇಲಿ ಮಾಡೋಕೆ ಹೊರಟರೆ ಇದನ್ನ ಮೊದಲು ಓದಿ.

ಕಡೆಯುವಾಗ, ಒಣಗಿದ್ದನ್ನ ಉಜ್ಜುವಾಗ ಬರೋ ಬಿಳಿ ಪುಡಿ ಹಿಟ್ಟಿಗಿಂತ ನಯ. ಗಾಳಿಯಲ್ಲಿ ನಿಲ್ಲುತ್ತೆ. 2014ರಲ್ಲಿ ಅಮೆರಿಕದ ಒಂದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ವೈದ್ಯರು ಒಬ್ಬ ಮನುಷ್ಯನ ಬಗ್ಗೆ ಬರೆದರು. ವರ್ಷಾನುಗಟ್ಟಲೆ ಇದೇ ಹಲಗೆ ಕುಯ್ದು ಉಜ್ಜಿದವನು. ಶ್ವಾಸಕೋಶ ಗಟ್ಟಿಯಾಗಿ ಸತ್ತ. ಅವನ ಶ್ವಾಸಕೋಶದಲ್ಲಿ ಸಿಕ್ಕಿದ್ದು ಇದೇ ಅಲ್ಯುಮಿನಿಯಂ ಟ್ರೈಹೈಡ್ರೇಟ್. ಒಂದು ಕೇಸಿನಿಂದ ಎಲ್ಲಾ ಸಾಬೀತಾಗಲ್ಲ, ನಿಜ. ಆದರೆ ಮಾಸ್ಕ್ ಹಾಕೋಕೆ ಅಷ್ಟು ಸಾಲದಾ? ಕ್ವಾರ್ಟ್ಜ್ ಅಂತ ಮಾರೋ ಅಡುಗೆಮನೆ ಕಲ್ಲು ಬೇರೆ ವಸ್ತು, ಅದರಲ್ಲಿ ಸಿಲಿಕಾ ತುಂಬಾ ಜಾಸ್ತಿ, ಅದರ ಧೂಳು ಇನ್ನೂ ಅಪಾಯ. ಕೆಲಸಗಾರರು ಸಿಲಿಕೋಸಿಸ್ಸಿನಿಂದ ಸಾಯ್ತಿರೋದು ನೋಡಿ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನ ನಿಷೇಧಿಸಿತು. ಸಿಲಿಕೋಸಿಸ್ ನಮಗೆ ಹೊಸ ಪದ ಅಲ್ಲ. ಕೆಜಿಎಫ್‌ನ ಗಣಿಯೊಳಗೆ ಇಳಿದವರಲ್ಲಿ ಬಹುಪಾಲು ತಮಿಳು ದಲಿತರು. ಚಿನ್ನ ಬೇರೆಯವರ ಮನೆಗೆ ಹೋಯ್ತು, ಕಲ್ಲಿನ ಧೂಳು ಅವರ ಎದೆಯಲ್ಲಿ ಉಳೀತು. 2001ರಲ್ಲಿ ಗಣಿ ಮುಚ್ಚಿದರು. ಎದೆಯೊಳಗಿನ ಧೂಳನ್ನ ಯಾರೂ ತೆಗೀಲಿಲ್ಲ.

ನಾನೂ ಭಾಯಿಯೂ ಮಾಸ್ಕ್ ಹಾಕಿ, ನೀರು ಚಿಮುಕಿಸಿ ಮಾಡಿದ್ವಿ. ಒಂದು ಪೆನ್ನಿಗೆ. ನಮ್ಮ ಆಫೀಸಿನ ಕೌಂಟರ್ ಕುಯ್ದ ಹುಡುಗರು ಮೂರು ದಿನ ಬಾಯಿಗೆ ಟವೆಲ್ ಕಟ್ಟಿಕೊಂಡು ಆ ಧೂಳಲ್ಲಿ ನಿಂತಿದ್ದರು. ರೆಪ್ಪೆ, ಮೀಸೆ ಎಲ್ಲ ಬೆಳ್ಳಗೆ. ನಾವೆಲ್ಲ ಫೈಲು ಎತ್ತಿಕೊಂಡು ಬೇರೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ್ವಿ. ನಾನೂ ಹಾಕಿಕೊಂಡೆ. ಬೀದಿ ಗುಡಿಸೋರಿಗೆ ಮಾಸ್ಕ್ ಕೊಡಿ ಅಂತ ಧರಣಿ ಕೂತವನು ನಾನು, ಪೌರಕಾರ್ಮಿಕಳ ಮಗ. ಆ ಹುಡುಗರಿಗೆ ಒಂದು ಮಾಸ್ಕ್ ತಂದುಕೊಡಬೇಕು ಅಂತ ನನಗೆ ಹೊಳೀಲಿಲ್ಲ. ಹೊಳೆದಿದ್ದು ಆ ಧೂಳು ನನ್ನ ಮೂಗಿಗೆ ಬಂದಾಗ. ಕೌಂಟರಿನ ಒಳಗೆ ಕೂತು ಕೂತು ನಮಗೂ ಏನೋ ಆಗಿರುತ್ತೆ, ಗೆಳೆಯರೇ. ಇದನ್ನ ಬರೆಯೋಕೆ ನಾಚಿಕೆ ಆಗುತ್ತೆ, ಆದ್ರೂ ಬರೀತಿದ್ದೀನಿ.

ಎರಡನೇ ಪೆನ್ನು ಅವ್ವನ ಕೈಗೆ ಕೂತಿತು. ಹಿಡಿದು ತೂಗಿ ನೋಡಿದಳು. 'ಹ್ಞೂಂ, ಇದು ಐತೆ ಅಂತ ಗೊತ್ತಾಯ್ತದೆ' ಅಂದಳು. ದಿನಾ ಸಂಜೆ ಧಾರಾವಾಹಿ ಮುಗಿದ ಮೇಲೆ ಹಳೇ ಡೈರಿಯಲ್ಲಿ ಒಂದು ಪುಟ. ಮೊದಲ ಎರಡಕ್ಷರ ಬೇಗ ಬಂತು. ಒತ್ತು ಮಾತ್ರ ಕೆಳಗಿನ ಗೆರೆಗೆ ಬಿದ್ದು ಹೋಗ್ತಿತ್ತು. 'ಈ ಬಾಲ ಯಾಕ್ ಮಡಗಿದ್ರೋ ನಮ್ಮಪ್ಪ' ಅಂತ ಬೈಕೊಂಡೇ ಬರೆದಳು. ಎರಡು ತಿಂಗಳಲ್ಲಿ ಸೈನ್ ಬಂತು. ವಕ್ರ ಇದೆ, ಆದರೆ ಪ್ರತಿ ಸಲವೂ ಒಂದೇ ಥರ ವಕ್ರ. ಸೈನ್ ಅಂದ್ರೆ ಅದೇ ಅಲ್ವಾ.

ಹೋದ ತಿಂಗಳು ದುಡ್ಡು ತೆಗೆಯೋಕೆ ಬ್ಯಾಂಕಿಗೆ ಹೋದ್ವಿ. ಚೀಟಿ ತುಂಬಿ ಕೊಟ್ಟೆ. ಕೌಂಟರಿನ ಆ ಕಡೆಯ ಕೈ, ಮುಖ ಕೂಡ ನೋಡದೆ, ಸ್ಟಾಂಪ್ ಪ್ಯಾಡನ್ನ ಅವ್ವನ ಕಡೆ ತಳ್ಳಿತು. ಅವ್ವ ಪ್ಯಾಡನ್ನ ಪಕ್ಕಕ್ಕೆ ಸರಿಸಿ, ಸೆರಗಿನ ಗಂಟಿಂದ ಪೆನ್ನು ತೆಗೆದಳು. ಸೈನ್ ಹಾಕಿದಳು. ಪೂರ್ತಿ ಒಂದು ನಿಮಿಷ ತಗೊಂಡಳು. ಹಿಂದೆ ಇದ್ದವರು ಗೊಣಗಿದರು. ನಾನು ತಿರುಗಿ ನೋಡಿದೆ, ಸುಮ್ಮನಾದರು.

ಆ ಹುಡುಗ ಕಂಪ್ಯೂಟರ್ ನೋಡಿ, 'ಸಾರ್, ರೆಕಾರ್ಡಲ್ಲಿ ಹೆಬ್ಬೆಟ್ಟು ಇದೆ, ಸೈನ್ ನಡೆಯಲ್ಲ' ಅಂದ. ಅವನು ಹೇಳಿದ್ದು ಸರಿಯೇ. ರೂಲು ಹಾಗೇ ಇರೋದು. ನಾನೂ ಅವನ ಜಾಗದಲ್ಲಿದ್ದರೆ ಅದನ್ನೇ ಹೇಳ್ತಿದ್ದೆ. ಅವತ್ತು ಅವ್ವ ತನ್ನ ಸೈನಿನ ಪಕ್ಕದಲ್ಲೇ ಹೆಬ್ಬೆಟ್ಟು ಒತ್ತಿ ದುಡ್ಡು ತಗೊಂಡಳು. ಮಾದರಿ ಸಹಿ ಬದಲಾಯಿಸೋಕೆ ಅರ್ಜಿ, ಫೋಟೋ, ಆಧಾರ್ ಜೆರಾಕ್ಸ್ ಕೊಟ್ಟು ಬಂದಿದ್ದೀವಿ. ಇನ್ನೂ ಆಗಿಲ್ಲ. ಆಗುತ್ತೆ. ಆಗೋ ತನಕ ನಾನು ಓಡಾಡ್ತೀನಿ, ಓಡಾಡೋದು ನನಗೆ ಗೊತ್ತಿರೋ ಕೆಲಸವೇ.

ಆದರೆ ಆ ಪ್ಯಾಡು ತಳ್ಳಿದ ಕೈ ನನ್ನ ಕಣ್ಣಿಂದ ಹೋಗಲಿಲ್ಲ. ಯಾಕಂದ್ರೆ ಆ ಕೈ ನನಗೆ ಗೊತ್ತು. ಇಪ್ಪತ್ತು ವರ್ಷದಿಂದ ನನ್ನ ಕೌಂಟರಲ್ಲಿ ನಾನೂ ಹಾಗೇ ತಳ್ಳಿದ್ದೀನಿ. ಸೀರೆ ನೋಡಿ, ಕಾಲು ನೋಡಿ, ಕೈ ನೋಡಿ, ಕೇಳದೇನೇ ಪ್ಯಾಡು. ಪ್ಯಾಂಟು ಹಾಕಿಕೊಂಡು ಬಂದವರಿಗೆ ಮಾತ್ರ ಪೆನ್ನು. ಎಷ್ಟು ಜನ ಅವ್ವಂದಿರು ಸೈನ್ ಕಲಿತು ಬಂದಿದ್ದರೋ, ನನ್ನ ಪ್ಯಾಡು ನೋಡಿ ಬಾಯಿ ಮುಚ್ಚಿಕೊಂಡು ಹೆಬ್ಬೆಟ್ಟು ಒತ್ತಿದರೋ.

ಈಗ ನನ್ನ ಕೌಂಟರಲ್ಲಿ ಪ್ಯಾಡು ಡ್ರಾಯರ್ ಒಳಗೆ ಇದೆ. ಮೇಲೆ ಇರೋದು ಪೆನ್ನು, ಆ ಮೊದಲನೇ ಸಣ್ಣ ಬಿಳಿ ಪೆನ್ನು. ಯಾರೇ ಬರಲಿ, ಮೊದಲು ಅದನ್ನ ಮುಂದಿಟ್ಟು 'ಸೈನ್ ಹಾಕ್ತೀರಾ?' ಅಂತ ಕೇಳ್ತೀನಿ. ಬರಲ್ಲ ಅಂದವರಿಗೆ ಮಾತ್ರ ಡ್ರಾಯರ್ ತೆಗೀತೀನಿ. ಹೋದ ವಾರ ಒಬ್ಬ ಅಜ್ಜಿ ಪೆನ್ನು ತಗೊಂಡು, ಏನೂ ಮಾತಾಡದೆ, ಚಂದಕ್ಕೆ ತಮ್ಮ ಹೆಸರು ಬರೆದರು. ನನಗಿಂತ ಅವರ ಅಕ್ಷರ ಚೆನ್ನಾಗಿತ್ತು.

ನೌಕರಿಯಲ್ಲಿರೋ ನಮ್ಮವರಿಗೆ ಒಂದೇ ಕೋರಿಕೆ. ಬ್ಯಾಂಕು, ನಾಡಕಚೇರಿ, ಪಂಚಾಯ್ತಿ, ಆಸ್ಪತ್ರೆ, ಎಲ್ಲೇ ಇರಿ, ನಾಳೆಯಿಂದ ಮೊದಲು ಪೆನ್ನು ಕೊಡಿ. ಮನೇಲಿ ಸೈನ್ ಬಾರದ ಹಿರಿಯರಿದ್ದರೆ ಕಲಿಸಿ. ದಪ್ಪ ಪೆನ್ನು ಬೇಕಾದರೆ ಹೇಳಿ, ಭಾಯಿ ಹತ್ರ ಮಾತಾಡ್ತೀನಿ. ಅವರ ಕೂಲಿ ಅವರಿಗೆ ಸರಿಯಾಗಿ ಕೊಡಬೇಕು, ಮಾಸ್ಕಿನ ದುಡ್ಡೂ ಸೇರಿಸಿ.

ಜೈ ಭೀಮ್.